ಬಸವಣ್ಣನ ಕಾಲಿಗೆ ಲಾಳ

ಸಿರುಗುಪ್ಪ
ಗುರುವಾರ, 17-1-1974

ಪ್ರೀತಿಯ ಮಗಳು ದಾಕ್ಷಾಯಣಿಗೆ,

ನಿನ್ನ ಅವ್ವ ನಿನ್ನ ತಲೆ ನೇವರಿಸಿ ಬರೆಯುವುದೇನೆಂದರೆ, ನಾನು ಗಟ್ಟಿಯಾಗಿದ್ದೇನೆ. ನೀನು ಹೇಗಿದ್ದೀ? ಐದು ತುಂಬಿ ಆರಕ್ಕೆ ಬಿತ್ತಲ್ಲ, ಬೆಳಗಿನ ಓಕರಿಕೆ ನಿಂತಿತೇ? ಕಾಲು ಬಾತುಕೊಳ್ಳುತ್ತಿದ್ದರೆ ಕೊಡ ಹೊರುವುದನ್ನು ನಿಲ್ಲಿಸು. ಯಾರು ಏನೆಂದರೂ ನಿಲ್ಲಿಸು. ಹುಣಸೆಹಣ್ಣು ಬೇಕೆನಿಸಿದರೆ ತಿನ್ನು, ಆದರೆ ಅತಿ ಮಾಡಬೇಡ. ನೀನು ಹೊಟ್ಟೆಯಲ್ಲಿದ್ದಾಗ ನನಗೆ ಸುಟ್ಟ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಕುಂಬಾರರ ಮನೆಯ ಮುಂದೆ ಕೆಲಸವಿಲ್ಲದೆ ಹೋಗಿ ನಿಲ್ಲುತ್ತಿದ್ದೆ. ನಿಮ್ಮಪ್ಪ ಇದನ್ನು ಕಂಡುಹಿಡಿದು ಒಂದು ದಿನ ಒಡೆದ ಹೆಂಚಿನ ಚೂರು ತಂದು ಕೈಗಿಟ್ಟು, "ಮೂಸು ಅಷ್ಟ. ತಿಂದುಗಿಂದೀ" ಎಂದಿದ್ದರು. ಆ ಚೂರು ಈಗಲೂ ಗೂಡಿನಲ್ಲಿದೆ. ಬೇಕಾದರೆ ಹೇಳು, ತಂದುಕೊಡುತ್ತೇನೆ.

ಈ ಕವರನ್ನು ಮೊದಲು ಒಡೆಯುವವರು ನಿನ್ನ ಮಾವ ಕೊಟ್ರಬಸಪ್ಪನವರೇ ಎಂಬುದು ನನಗೆ ಗೊತ್ತು. ಹೋದ ವರ್ಷ ಪಂಚಮಿಗೆ ಬಾ ಎಂದು ನಿನಗೆ ಬರೆದರೆ ಜವಾಬು ಅವರಿಂದ ಬಂದಿತ್ತು. ಆದ್ದರಿಂದ, ಬೀಗರೇ, ನಿಮಗೂ ಶರಣು. ಓದುವುದಾದರೆ ಮನಸ್ಸಿನಲ್ಲಿ ಓದಿಕೊಳ್ಳಬೇಡಿ. ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿ. ಒಳಗೆ ರೊಟ್ಟಿ ಬಡಿಯುತ್ತಿರುವ ನನ್ನ ಮಗಳಿಗೂ ಕೇಳಿಸಲಿ. ನಡುವೆ ಕೆಮ್ಮು ಬಂದರೆ ನೀರು ಕುಡಿದು ಮುಂದುವರಿಸಿ. ಕಾಗದ ದೊಡ್ಡದಿದೆ.

ನಿಮ್ಮಪ್ಪ ಹೋದ ಸುದ್ದಿ ನಿನಗೆ ಮುಟ್ಟಿತು, ನೀನು ಬರಲಿಲ್ಲ. ಬರಗೊಡಲಿಲ್ಲ ಎಂದು ನನಗೆ ತಿಳಿದಿದೆ, ಅದಕ್ಕಾಗಿ ಕೊರಗಬೇಡ. ಬಸುರಿ ಸಾವಿನ ಮನೆಗೆ ಹೋಗಬಾರದು ಎಂದರಂತೆ. ಲಿಂಗವಂತರಿಗೆ ಸೂತಕವೆಲ್ಲಿಯದು ಎಂದು ಊರಿಗೆಲ್ಲ ಬುದ್ಧಿ ಹೇಳುವ ಮನೆತನ ನಿಮ್ಮದು. ಅವತ್ತೊಂದು ದಿನ ಸೂತಕ ಎಲ್ಲಿಂದ ಹುಟ್ಟಿತೋ ಕಾಣೆ. ಇರಲಿ. ನಿನ್ನೆ ಹನ್ನೊಂದನೆಯ ದಿನದ ಶಿವಗಣಾರಾಧನೆ ಆಯಿತು. ಊಟವಾಗಿ ಎಲ್ಲರೂ ಎದ್ದ ಮೇಲೆ ನಿಮ್ಮ ದೊಡ್ಡಪ್ಪ ಮರಿಬಸಪ್ಪನವರು ಕೈ ಒರೆಸಿಕೊಳ್ಳುತ್ತ ನನ್ನನ್ನು ಪಕ್ಕಕ್ಕೆ ಕರೆದು, ನಿನ್ನ ಮಾವನವರು ಕುರುಗೋಡಿನಿಂದ ಹೇಳಿ ಕಳಿಸಿದ ಮಾತು ಮುಟ್ಟಿಸಿದರು. ಲಾಳದ ಸುತ್ತಿಗೆಯನ್ನು ಬಾವಿಗೆ ಎಸೆಯಬೇಕಂತೆ, ಹಗ್ಗವನ್ನು ಸುಡಬೇಕಂತೆ, ನನ್ನ ಗಂಡ ಎತ್ತಿನ ವ್ಯಾಪಾರಿಯಾಗಿದ್ದರು ಎಂದು ಹೇಳಿಕೊಂಡು ಕರೂರಿನಲ್ಲಿ ದೊಡ್ಡಪ್ಪನ ಮನೆಯ ಮೂಲೆ ಸೇರಬೇಕಂತೆ. ಹಾಗೆ ಮಾಡಿದರೆ ಚೊಚ್ಚಲ ಹೆರಿಗೆಗೆ ನಿನ್ನನ್ನು ಕಳಿಸುತ್ತಾರಂತೆ. ಮಾಡದಿದ್ದರೆ ನೀನು ಇನ್ನು ಈ ಹೊಸ್ತಿಲು ತುಳಿಯುವ ಹಾಗಿಲ್ಲವಂತೆ. ನಾನು ದೊಡ್ಡಪ್ಪನಿಗೆ ಎಲೆ ಅಡಿಕೆ ಕೊಟ್ಟು, "ಭಾವಾರ, ನೀವು ದಣದೀರಿ. ಜವಾಬು ನಾನಾ ಬರೀತೀನಿ" ಎಂದು ಬಸ್ಸಿಗೆ ಕಳಿಸಿದೆ. ಇದು ಆ ಜವಾಬು.

ಆದರೆ ಆಗುತ್ತದೆ, ಇಲ್ಲ ಎನ್ನುವ ಮುಂಚೆ, ಯಾರ ಹೆಸರನ್ನು ಬಾವಿಗೆ ಹಾಕು ಎನ್ನುತ್ತಿದ್ದಾರೋ ಆ ಮನುಷ್ಯ ಎಂಥವರು ಎಂದು ಹೇಳಬೇಕಲ್ಲ. ನಿನಗೆ ಅರ್ಧ ಗೊತ್ತು, ನಿನ್ನ ಮಾವನವರಿಗೆ ಏನೂ ಗೊತ್ತಿಲ್ಲ. ನಿಮ್ಮಪ್ಪ ಕರೂರಿನವರ ಮೂರನೇ ಮಗ. ಆಗ ಕಾಲುವೆ ಬಂದಿರಲಿಲ್ಲ, ಇದ್ದ ಹೊಲ ಇಬ್ಬರಿಗೇ ಸಾಲುತ್ತಿರಲಿಲ್ಲ. ಮೂರನೆಯವರಿಗೆ ಗಾಡಿ ಹೊಡೆಯುವ ಕೆಲಸ ಬಂತು. ಬೇರೆಯವರ ಹತ್ತಿ ಹೇರಿಕೊಂಡು ಬಳ್ಳಾರಿಗೆ ಹೋಗುತ್ತಿದ್ದರು. ಒಂದು ಸಲ ಕಂಟೋನ್ಮೆಂಟಿನ ಹತ್ತಿರ ಜಲ್ಲಿ ರಸ್ತೆಯ ಮೇಲೆ ಎಡಗಡೆಯ ಎತ್ತು ಕೂತುಬಿಟ್ಟಿತು. ಗೊರಸು ಸವೆದು ಸವೆದು ಕಾಲಲ್ಲಿ ರಕ್ತ. ಇವರು ತಲೆಯ ರುಮಾಲು ಬಿಚ್ಚಿ ಅದರ ಕಾಲಿಗೆ ಸುತ್ತುತ್ತ ಕೂತಿದ್ದಾಗ ಮೌಲಾಸಾಬ್ ಎನ್ನುವ ಮುದುಕರು ಬಂದು ನಿಂತರು. ಪಲ್ಟನ್ನಿನ ಕುದುರೆಗಳಿಗೆ ಲಾಳ ಕಟ್ಟಿದ ಕೈ ಅವರದು. ಪಲ್ಟನ್ ಹೋದ ಮೇಲೆ ಗಾಡಿ ಎತ್ತುಗಳಿಗೆ ಕಟ್ಟುತ್ತಿದ್ದರು. "ಅದಕ್ಕ ರುಮಾಲ್ ಯಾಕೋ ಬೇಟಾ, ಅದಕ್ಕ ಬೇಕಾಗಿದ್ದು ಮೆಟ್ಟು" ಎಂದು ನಕ್ಕು, ಅಲ್ಲೇ ಕೂತು ಕಟ್ಟಿಕೊಟ್ಟರಂತೆ. ಎತ್ತು ಎದ್ದು ನಾಲ್ಕು ಹೆಜ್ಜೆ ನಡೆದದ್ದನ್ನು ನೋಡಿ ನಿಮ್ಮಪ್ಪ ಅತ್ತರಂತೆ. ಇದನ್ನು ಅವರು ನನಗೆ ಹೇಳಿಲ್ಲ, ಮೌಲಾಸಾಬರೇ ಹೇಳಿದ್ದು. ಹತ್ತಿ ಇಳಿಸಿ, ಗಾಡಿಯನ್ನು ಊರಿಗೆ ಮುಟ್ಟಿಸಿ, ನಿಮ್ಮಪ್ಪ ನಡೆದುಕೊಂಡೇ ಬಳ್ಳಾರಿಗೆ ವಾಪಸ್ಸು ಹೋಗಿ ಆ ಮುದುಕರ ಕೈಕೆಳಗೆ ಕೂತರು.

ನಮ್ಮಪ್ಪ, ನಿನ್ನ ಅಜ್ಜ, ಅದೇ ಕಂಟೋನ್ಮೆಂಟಿನ ಒಂದು ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದರು. ನಾನು ಐದನೇ ಕ್ಲಾಸಿನವರೆಗೆ ಓದಿದ್ದು ಆ ಗಂಟೆಯ ಪುಣ್ಯದಿಂದ. ಇಲ್ಲದಿದ್ದರೆ ಇವತ್ತು ಈ ಕಾಗದ ಬರೆಯಲು ಯಾರದೋ ಮನೆ ಬಾಗಿಲು ಕಾಯಬೇಕಾಗುತ್ತಿತ್ತು. ಮಧ್ಯಾಹ್ನದ ಹೊತ್ತು ಶಾಲೆಯ ತೊಟ್ಟಿಯಿಂದ ಕಂಡವರ ಎತ್ತಿಗೆಲ್ಲ ನೀರು ಹೊತ್ತು ಕುಡಿಸುತ್ತಿದ್ದ ಹುಡುಗನನ್ನು ನಮ್ಮಪ್ಪ ನೋಡಿಟ್ಟುಕೊಂಡಿದ್ದರು. ಹೋಗಿ ಹೋಗಿ ಲಾಳ ಹೊಡೆಯುವವನಿಗೆ ಮಗಳನ್ನು ಕೊಟ್ಟೆಯಲ್ಲೋ ಎಂದು ಕೇಳಿದವರಿಗೆ, "ನಾ ಗಂಟಿ ಹೊಡೀತೀನಿ, ಅಂವ ಮೊಳಿ ಹೊಡೀತಾನ. ಕುಂತು ತಿನ್ನಾವರು ಇಬ್ಬರೂ ಅಲ್ಲ" ಎಂದರು. ಮದುವೆಯಲ್ಲಿ ಮೌಲಾಸಾಬರು ಕೊಟ್ಟ ಉಡುಗೊರೆಯೇ ಈಗ ಬಾವಿಗೆ ಹಾಕು ಎನ್ನುತ್ತಿರುವ ಸುತ್ತಿಗೆ.

ಕಾಲುವೆ ಬಂತು, ಭತ್ತ ಬಂತು, ಸಿರುಗುಪ್ಪದಲ್ಲಿ ರೈಸ್ ಮಿಲ್ಲುಗಳೆದ್ದವು, ರಸ್ತೆಗೆ ಡಾಂಬರು ಬಿತ್ತು. ಕೆಸರಿನಲ್ಲಿ ನಡೆಯುವ ಎತ್ತು ಡಾಂಬರಿನ ಮೇಲೆ ಭಾರ ಎಳೆದರೆ ಕಾಲು ಉಳಿಯುತ್ತದೆಯೇ? ನಾವು ಬಳ್ಳಾರಿ ಬಿಟ್ಟು ಬಂದು ಈ ಬೇವಿನ ಮರದ ಕೆಳಗೆ ಕೂತೆವು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಭಾನುವಾರ ಸಂಜೆ ಮಿಲ್ಲಿನ ಮುಂದೆ ಭತ್ತದ ಗಾಡಿಗಳು ನಿಂತರೆ ಮತ್ತೆ ಹೊರಡುವುದು ಮಂಗಳವಾರ ಕೋಳಿ ಕೂಗಿದ ಮೇಲೆ. ನಡುವಿನ ಸೋಮವಾರ ಎತ್ತುಗಳಿಗೆ ಬಿಡುವು, ಹಾಗಾಗಿ ನಮಗೆ ಬಿಡುವಿಲ್ಲ. ನಿಮ್ಮಪ್ಪನ ಮೇಲೆ ಊರಿನ ದೊಡ್ಡವರಿಗೆ ಇದ್ದ ಸಿಟ್ಟಿನ ಬೇರು ಇಲ್ಲೇ ಇರುವುದು. ಕೊರಳಲ್ಲಿ ಲಿಂಗ ಇರುವವನು ಬಸವಣ್ಣನ ವಾರದಂದು ಬಸವಣ್ಣನ ಕಾಲಿಗೆ ಮೊಳೆ ಹೊಡೆಯುತ್ತಾನೆ ಎಂಬುದು ಅವರ ಮಾತು. ಅನ್ನುವವರು ಅನ್ನುತ್ತಲೇ ತಮ್ಮ ಎತ್ತುಗಳನ್ನು ಆಳಿನ ಕೈಯಲ್ಲಿ ಕಳಿಸಿಕೊಡುತ್ತಿದ್ದರು, ಅದು ಬೇರೆ ವಿಷಯ. ಲಾಳ ಬೇಕು, ಲಾಳದವನು ಬೇಡ.

ಆ ಕೆಲಸ ಹೇಗೆ ಎಂದು ನೀನು ಸಣ್ಣವಳಿದ್ದಾಗ ನೋಡಿದ್ದೀ. ಓದುತ್ತಿರುವವರು ನೋಡಿಲ್ಲ, ಅದಕ್ಕೆ ಬರೆಯುತ್ತೇನೆ. ನಿಮ್ಮಪ್ಪ ಎತ್ತಿನ ಮೈಗೆ ಹಗ್ಗ ಸುತ್ತಿ, ಪೆಟ್ಟಾಗದಂತೆ ಮೆಲ್ಲಗೆ ಮಣ್ಣಿಗೆ ಒರಗಿಸುತ್ತಿದ್ದರು. ಕಾಲುಗಳನ್ನು ಕೂಡಿಸಿ ಕಟ್ಟಿ, ಗೊರಸಿನ ಬೆಳೆದ ಅಂಚನ್ನು ಕೆತ್ತಿ, ಒಂದೊಂದು ಹೋಳಿಗೂ ಒಂದೊಂದು ಲಾಳ ಕೂರಿಸಿ ಮೊಳೆ ಹೊಡೆಯುತ್ತಿದ್ದರು. ಮೊಳೆ ಓರೆಯಾಗಿ ಹೋಗಿ ಗೊರಸಿನ ಹೊರಮೈಯಲ್ಲೇ ಹೊರಗೆ ಬರಬೇಕು. ಒಳಗೆ ತಿರುಗಿದರೆ ಜೀವಕ್ಕೆ ತಗಲುತ್ತದೆ. ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುತ್ತಿದ್ದರು. ಎಂಜಲು ಹತ್ತಿದ ಮೊಳೆ ಗಟ್ಟಿಯಾಗಿ ಕೂರುತ್ತದೆ ಎಂಬುದು ಮೌಲಾಸಾಬರ ಪಾಠ. ನಾನು ಎತ್ತಿನ ತಲೆಯ ಹತ್ತಿರ ಕೂತು, ಕೊಂಬು ಹಿಡಿದು, ಅದರ ಕಣ್ಣಿನ ಮೇಲೆ ಸೆರಗು ಹಾಕಿ ಮಾತಾಡುತ್ತಿರಬೇಕಿತ್ತು. ಮಾತು ನಿಂತರೆ ಎತ್ತು ಹೆದರಿ ಒದೆಯುತ್ತದೆ. ಏನು ಮಾತು ಎಂದು ಕೇಳಬೇಡ. ಸಾರಿಗೆ ಉಪ್ಪು ಹೆಚ್ಚಾದದ್ದು, ಪಕ್ಕದ ಮನೆ ಯಂಕಮ್ಮನ ಕೋಳಿ ನಮ್ಮ ಹಿತ್ತಲಲ್ಲಿ ಮೊಟ್ಟೆ ಇಟ್ಟದ್ದು, ಎಲ್ಲವೂ ಎತ್ತಿಗೆ ಗೊತ್ತು. ಬಾಯಲ್ಲಿ ಮೊಳೆ ಇದ್ದವರು ಮನುಷ್ಯರಿಗೂ ಉತ್ತರ ಕೊಡಲಾರರು, ಹಾಗಾಗಿ ಅದೂ ನನ್ನ ಪಾಲಿಗೇ ಬಂತು. ಒಂದು ಸಲ ಊರಿನ ಹಿರಿಯರೊಬ್ಬರು ಕೊಡೆ ಹಿಡಿದು ನಿಂತು ಪಾಪ ಪುಣ್ಯ ಹೇಳುತ್ತಿದ್ದಾಗ ನಾನು, "ಎಪ್ಪಾ, ನೀವು ಮೆಟ್ಟು ಹಾಕ್ಕೊಂಡು ಗಾಡಿ ಮ್ಯಾಲ ಕುಂದರ್ತೀರಿ, ಎಳಿಯಾಂವ ಬಸವಣ್ಣ ಬರಿಗಾಲಾಗ ಬರಬೇಕೇನು? ಪಾಪ ಯಾವುದರಾಗ ಐತಿ ನೋಡ್ರಿ" ಎಂದೆ. ನಿಮ್ಮಪ್ಪ ತಲೆ ಎತ್ತಲಿಲ್ಲ. ಆದರೆ ತುಟಿಯ ನಡುವಿನ ಮೊಳೆಗಳು ಅಲ್ಲಾಡಿದವು. ನಕ್ಕಿದ್ದರು.

ಒಂದು ಸಂಗತಿ ನಿನಗೂ ಗೊತ್ತಿರಲಿಕ್ಕಿಲ್ಲ. ಸುತ್ತಿನ ಊರುಗಳ ಎತ್ತುಗಳೆಲ್ಲ ನಿಮ್ಮಪ್ಪನ ವಾಸನೆ ಬಲ್ಲವು. ಅವರು ಎದುರಿಗೆ ಬಂದರೆ ಸಾಕು, ಭಾರ ಹೊತ್ತ ಗಾಡಿಯನ್ನೂ ಅಡ್ಡ ತಿರುಗಿಸಿ ನಿಂತುಬಿಡುತ್ತಿದ್ದವು. ಅಷ್ಟು ಪ್ರೀತಿ ಮಾಡಿದ ಮನುಷ್ಯನನ್ನು ಕಂಡರೆ ಅವಕ್ಕೆ ಅಷ್ಟು ಭಯ. ಅದಕ್ಕೇ ಅವರು ಸಂತೆಗೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಹಿತ್ತಲ ಓಣಿಗಳಲ್ಲಿ ಸುತ್ತಿ ಹೋಗುತ್ತಿದ್ದರು. ಮುಖ ತಪ್ಪಿಸಿಕೊಂಡು ಓಡಾಡುತ್ತಾನೆ, ಮಾಡಬಾರದ್ದು ಮಾಡಿದವನಿಗೆ ನಾಚಿಕೆ ಇರಬೇಕಲ್ಲ, ಎಂದು ಜನ ಆಡಿಕೊಂಡರು. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ನಾಚಿಕೆ ಅಲ್ಲ ಮಗಳೇ. ಎಳೆಯುತ್ತಿರುವ ಜೀವ ಬೆದರಬಾರದು ಎಂದು ಅಷ್ಟೇ.

ನಿನ್ನ ಮದುವೆಯ ಮಾತು ಬಂದಾಗ ದೊಡ್ಡಪ್ಪ, ಹುಡುಗಿಯ ತಂದೆ ಎತ್ತಿನ ವ್ಯಾಪಾರಿ ಎಂದು ಕುರುಗೋಡಿನವರಿಗೆ ಹೇಳಿ ಬಂದಿದ್ದರು. ನಿಶ್ಚಯ, ಮದುವೆ ಎಲ್ಲ ಕರೂರಿನಲ್ಲಿ, ಅವರ ಮನೆಯಲ್ಲೇ. ನಾನು ಆಗುವುದಿಲ್ಲ ಎಂದು ಕೂಗಾಡಿದೆ. ನಿಮ್ಮಪ್ಪ ಮಾತ್ರ ಬಾಯಲ್ಲಿ ಮೊಳೆ ಇಲ್ಲದೆಯೂ ಒಂದೇ ಮಾತಾಡಿದರು. "ಮಗಳು ಸುಖವಾಗಿದ್ರ ನಾ ಏನಾಗಿದ್ರೇನು ಬಿಡು" ಎಂದರು. ಹಂದರದಲ್ಲಿ ನಿನ್ನ ಮಾವನವರು ನಿಮ್ಮಪ್ಪನ ಪಕ್ಕ ಕೂತು, ಎತ್ತಿನ ವ್ಯಾಪಾರಿಗೆ ಹೇಳುವಂಥ ಮಾತೆಂದು, "ಸಿರುಗುಪ್ಪದಾಗ ಬೇವಿನ ಗಿಡದ ಕೆಳಗ ಒಬ್ಬ ಲಾಳದಾಂವ ಅದಾನ್ರಿ. ಅವನ ಕೈ ಬಿದ್ರ ಎತ್ತು ಕುಂಟೂ ಮಾತಾ ಇಲ್ಲ. ನಮ್ಮ ಆಳು ಉಜ್ಜಿನಪ್ಪ ಬ್ಯಾರೆ ಎಲ್ಲೂ ಹೋಗಾಂಗಿಲ್ಲ" ಎಂದು ಹೊಗಳಿದರು. ನಿಮ್ಮಪ್ಪ "ಹೌದೇನ್ರಿ" ಎಂದು ಎಲೆಗೆ ಸುಣ್ಣ ಹಚ್ಚಿದರು. ಹಂದರದ ಕಂಬದ ಹತ್ತಿರ ನಿಂತಿದ್ದ ಉಜ್ಜಿನಪ್ಪ ಹೊಸ ಪಂಚೆಯುಟ್ಟ ಲಾಳದವನನ್ನು ಗುರುತು ಹಿಡಿದು, ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡ. ಆ ಬಾಯಿಯನ್ನು ಅವನು ಈ ತಿಂಗಳವರೆಗೂ ತೆರೆಯಲಿಲ್ಲ; ನಿಮ್ಮಪ್ಪನ ಸಾವಿನ ಸುದ್ದಿ ತರುವಾಗ ತೆರೆಯಬೇಕಾಯಿತು. ಬೀಗರೇ, ನೆನಪಾಯಿತೇ? ನಿಮ್ಮ ಮಾತು ಸುಳ್ಳಾಗಿರಲಿಲ್ಲ. ಈಗಲೂ ಅದನ್ನು ಸುಳ್ಳು ಮಾಡಿಕೊಳ್ಳಬೇಡಿ.

ದಾಕ್ಷಿ, ಈಗ ಕೇಳು. ನೀನು ದಿನಾ ಹಿಂಡಿ ಕಲಸಿ ಇಡುವ ಮೈಲ ಮತ್ತು ಕೆಂದ, ನಿಮ್ಮ ಮನೆಯ ಆ ಜೋಡಿ, ನಿನ್ನ ಮದುವೆಯಾದ ಮೇಲೂ ನಮ್ಮ ಬೇವಿನ ಮರದ ಕೆಳಗೇ ಲಾಳ ಕಟ್ಟಿಸಿಕೊಳ್ಳುತ್ತಿದ್ದವು. ನೀನು ಅಂಗಳದಲ್ಲಿ ಅವುಗಳ ಗೆಜ್ಜೆಪಟ್ಟಿ ಕಟ್ಟುವಾಗ ಹಾಕುವ ಗಂಟು ನಿಮ್ಮಪ್ಪ ನಿನಗೆ ಕಲಿಸಿದ್ದು. ಮೊದಲ ಸಲ ಆ ಗಂಟನ್ನು ಮೈಲನ ಕೊರಳಲ್ಲಿ ಕಂಡಾಗ ಅವರು ಸುತ್ತಿಗೆ ಕೆಳಗಿಟ್ಟು, ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು, "ಶಿವಬಸವಾ, ಇಲ್ನೋಡು. ನಮ್ಮ ಹುಡುಗಿ ಕೈ" ಎಂದು ನನ್ನನ್ನು ಕೂಗಿದರು. ಅವತ್ತಿನಿಂದ ಆ ಜೋಡಿ ಬಂದರೆ ನಮ್ಮ ಮನೆಗೆ ಹಬ್ಬ. ಗಂಟು ಬಿಗಿಯಾಗಿದ್ದರೆ ನೀನು ಗೆಲುವಾಗಿದ್ದೀ ಎಂದೂ, ಸಡಿಲವಾಗಿದ್ದರೆ ಮೈಯಲ್ಲಿ ಹುಷಾರಿಲ್ಲ ಎಂದೂ ತಾವೇ ಲೆಕ್ಕ ಹಾಕುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಬೇರೆ ಯಾರೋ ಕಟ್ಟಿದ ಗಂಟು ಬಂತು. ಅವರು ಊಟ ಬಿಟ್ಟರು. ಮುಂದಿನ ವಾರ ನೀನು ಬಸುರಿ, ಬಗ್ಗಬಾರದೆಂದು ಬೇರೆಯವರು ಕಟ್ಟುತ್ತಿದ್ದಾರೆ ಎಂದು ಉಜ್ಜಿನಪ್ಪ ಹೇಳಿದ. ಅವತ್ತು ಸಾಲಿನಲ್ಲಿದ್ದ ಗಾಡಿಯವರಿಗೆಲ್ಲ ಬೆಲ್ಲ ಹಂಚಿದರು, ಏಕೆಂದು ಯಾರಿಗೂ ಹೇಳಲಿಲ್ಲ.

ಈಚೆಗೆ ಅವರ ಬಲಗೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಮೊಳೆ ಹೊಡೆಯಬಾರದು ಎಂದು ತಾವೇ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. ಇಷ್ಟು ವರ್ಷ ಎದುರಿಗೆ ಕೂತು ನೋಡಿದವಳಿಗೆ ಕಲಿಯುವುದು ಕಷ್ಟವಾಗಲಿಲ್ಲ. ಮೊದಲು ಗಾಡಿಯವರು ನಕ್ಕರು, ಆಮೇಲೆ ಸಾಲು ಹಚ್ಚಿ ಕೂತರು. ನಾನು ಕಾಲಿಗೆ ಬಂದೆ, ಅವರು ತಲೆಗೆ ಹೋದರು. ಈಗ ಬಾಯಲ್ಲಿ ಮೊಳೆ ಇಲ್ಲದ ಅವರು ಎಷ್ಟು ಮಾತಾಡುತ್ತಿದ್ದರು ಗೊತ್ತೇ? ನೀನು ತೊದಲಿದ್ದು, ನೀನು ಬೇವಿನ ಮರದಿಂದ ಬಿದ್ದದ್ದು, ಹುಟ್ಟಲಿರುವುದು ಗಂಡಾದರೆ ಏನು ಹೆಸರು, ಹೆಣ್ಣಾದರೆ ಏನು ಹೆಸರು, ಎಲ್ಲವನ್ನೂ ಎತ್ತಿನ ಕಿವಿಯಲ್ಲಿ ಹೇಳಿದರು. ನನಗೆ ಒಂದು ಮಾತೂ ಹೇಳದ ಮನುಷ್ಯ ಇವರೇನಾ ಎಂದು ನನಗೆ ಹೊಟ್ಟೆಕಿಚ್ಚು. ಕೇಳೋಣವೆಂದರೆ ನನ್ನ ಬಾಯಲ್ಲಿ ಮೊಳೆ.

ಆ ಭಾನುವಾರ ಸಂಜೆ ಗಾಡಿಗಳು ಬಂದು ನಿಂತವು. ಉಜ್ಜಿನಪ್ಪ ಬಂದು, ಮೈಲನ ಮುಂದಿನ ಬಲಗಾಲಿನ ಲಾಳ ಸವೆದಿದೆ, ನಾಳೆ ಮೊದಲು ನಮ್ಮದೇ ಆಗಬೇಕು ಎಂದು ಹೇಳಿ ಹೋದ. ನೀನು ಹಿತ್ತಲಲ್ಲಿ ಕೂತು ಎಳ್ಳು ಆರಿಸುತ್ತಿದ್ದೆ ಎಂದೂ ಹೇಳಿದನಂತೆ. ಅಷ್ಟೇ ಸುದ್ದಿ. ಅದನ್ನೇ ನಿಮ್ಮಪ್ಪ ಬಂದು ನನಗೆ ಎರಡೆರಡು ಸಲ ಹೇಳಿದರು. ಆಮೇಲೆ ಬೇವಿನ ಮರಕ್ಕೆ ಒರಗಿ ಕೂತು ನೀರು ಕೇಳಿದರು. ನಾನು ತಂಬಿಗೆ ತರುವಷ್ಟರಲ್ಲಿ ಮುಗಿದಿತ್ತು. ಮುಖದಲ್ಲಿ ನೋವಿರಲಿಲ್ಲ ಮಗಳೇ, ಆಣೆ ಮಾಡಿ ಹೇಳುತ್ತೇನೆ.

ಸೋಮವಾರ ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದೆವು. ಜಂಗಮ ಅಯ್ಯನವರು ಬಂದು ತಲೆಯ ಮೇಲೆ ಪಾದ ಇಡಬೇಕು, ಪಾದ ತೊಳೆದ ನೀರು, ಪಾದೋದಕ, ಕೊಡಬೇಕು, ಆಮೇಲೆ ಎತ್ತಬೇಕು. ನಮ್ಮಲ್ಲಿ ಯಾರು ಸತ್ತರೂ ಅದು ತಪ್ಪುವುದಿಲ್ಲ. ನಮ್ಮ ಓಣಿಯ ಅಯ್ಯನವರು ಬಂದರು, ಬಾಗಿಲಲ್ಲೇ ನಿಂತರು. ಮುದುಕರು, ಒಳ್ಳೆಯವರು, ನಿನಗೆ ಅಕ್ಷರಾಭ್ಯಾಸ ಮಾಡಿಸಿದವರು. "ನನಗೇನೂ ಇಲ್ಲವ್ವ. ಆದರ ದೈವದವರು ಬ್ಯಾಡ ಅಂತ ಕಟ್ಟ ಹಾಕ್ಯಾರ. ಬಸವಣ್ಣನ ಕಾಲಿಗೆ ಮೊಳಿ ಹೊಡದ ತಲಿ ಮ್ಯಾಲೆ ಪಾದ ಇಟ್ರ ನಾಳೆ ನನ್ನ ಯಾರ ಮನಿಗೂ ಕರಿಯಾಂಗಿಲ್ಲ" ಎಂದು ಕಣ್ಣು ಒರೆಸಿಕೊಂಡರು. ಅವರ ಹಿಂದೆ ಆ ದೈವದವರು, ಊರಿನ ಹಿರಿಯರು, ಕೈ ಕಟ್ಟಿ ನಿಂತಿದ್ದರು. ದೊಡ್ಡಪ್ಪ ನನ್ನ ಕಿವಿಯಲ್ಲಿ, ಕಾಲಿಗೆ ಬೀಳು, ತಪ್ಪಾಯಿತು ಅನ್ನು, ಕಸುಬು ಬಿಡುತ್ತೇನೆ ಅನ್ನು, ಎಲ್ಲ ಸರಿಹೋಗುತ್ತದೆ ಎಂದರು. ನನ್ನ ಗಂಡ ಗೋಡೆಗೆ ಒರಗಿ ಕೂತಿದ್ದರು, ನಾನು ಅವರ ಪರವಾಗಿ ತಪ್ಪಾಯಿತು ಅನ್ನಬೇಕಿತ್ತು. ನಾನು ಅನ್ನಲಿಲ್ಲ. ಎದ್ದು ಹೊರಗೆ ಹೋದೆ.

ಬೇವಿನ ಮರದ ಕೆಳಗೆ ಮೈಲ ನಿಂತಿತ್ತು. ಸುದ್ದಿ ತಿಳಿದ ಉಜ್ಜಿನಪ್ಪ ಅದನ್ನು ಅಲ್ಲೇ ಕಟ್ಟಿ ಮಂದಿಯ ಜೊತೆ ನಿಂತಿದ್ದ. ನಾನು ಹಗ್ಗ ಬಿಚ್ಚಿ ಎತ್ತನ್ನು ಮನೆ ಬಾಗಿಲಿಗೆ ತಂದೆ. ಹೊಸ್ತಿಲಿಗೆ ಬಂದದ್ದೇ ಅದಕ್ಕೆ ನಿಮ್ಮಪ್ಪನ ವಾಸನೆ ಹತ್ತಿತು, ಅಡ್ಡ ತಿರುಗಿ ನಿಂತುಬಿಟ್ಟಿತು. ಸತ್ತ ಮೇಲೂ ಹೆದರಿತಲ್ಲ ಎಂದು ನನಗೆ ಆ ದುಃಖದಲ್ಲೂ ನಗು ಬಂತು, ನಕ್ಕುಬಿಟ್ಟೆ. ಹುಚ್ಚು ಹಿಡಿಯಿತು ಎಂದುಕೊಂಡರು. ನಾನು ಕೊಂಬು ಹಿಡಿದು, ಕಣ್ಣಿಗೆ ಸೆರಗು ಹಾಕಿ, ಯಾವಾಗಲೂ ಮಾತಾಡುವಂತೆ ಮಾತಾಡಿದೆ. "ಬಾರಪಾ. ಇವತ್ತು ಮೊಳಿ ಇಲ್ಲ, ಸುತ್ತಿಗಿ ಇಲ್ಲ. ನೀ ಒಬ್ಬನಾ ಬರಬೇಕು, ಮತ್ಯಾರೂ ಬರಾಂಗಿಲ್ಲಂತ" ಎಂದೆ. ಬಂತು. ಮುಂದಿನ ಬಲಗಾಲನ್ನು ಎತ್ತಿಸಿ, ಅವರೇ ಕಾಯಿಸಿ ಬಡಿದು ಮಾಡಿದ್ದ ಸವೆದ ಲಾಳದ ಮೇಲೆ, ನಾನು ಹೊಡೆದಿದ್ದ ಮೊಳೆಗಳ ಮೇಲೆ ನೀರು ಹಾಕಿದೆ. ತಂಬಿಗೆಯಲ್ಲಿ ಆ ನೀರು ಹಿಡಿದು ಅವರ ತಲೆಗೆ ಹಾಕಿ, ತುಟಿಗೆ ಮುಟ್ಟಿಸಿದೆ. ಅಯ್ಯನವರ ಕಡೆ ತಿರುಗಿ, "ನಿಮ್ಮನ್ನ ಕಷ್ಟಕ್ಕ ಹಾಕಾಂಗಿಲ್ರಿ ಅಯ್ಯಾರ. ಬಸವಣ್ಣ ಬಂದು ಪಾದ ಕೊಟ್ಟ. ಅದಕ್ಕಿಂತ ದೊಡ್ಡವರು ಇಲ್ಲಿ ಯಾರದೀರಿ, ಮುಂದ ಬರ್ರಿ" ಎಂದೆ. ಯಾರೂ ಬರಲಿಲ್ಲ. ಗಾಡಿಯವರು ಬಂದು ಎತ್ತಿದರು; ಸುಂಕಣ್ಣ, ಪಕ್ಕೀರಪ್ಪ, ರಾರಾವಿ ಊರಿನವರು, ಇನ್ನೂ ಯಾರು ಯಾರೋ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಅಯ್ಯನವರೂ ಮೆಟ್ಟು ಕೈಯಲ್ಲಿ ಹಿಡಿದು ಹಿಂದೆ ಬರುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ನೀನು ಬರಲಿಲ್ಲ ಎಂದು ಕೊರಗಬೇಡ ಎಂದದ್ದು ಇದಕ್ಕೇ. ನೀನು ಕೈಯಾರೆ ಮೇವು ಹಾಕಿದ ಎತ್ತು ಬಂದು ನಿಮ್ಮಪ್ಪನಿಗೆ ಪಾದ ಕೊಟ್ಟಿತು.

ಇನ್ನು ನನ್ನ ಜವಾಬು. ಸುತ್ತಿಗೆ ಬಾವಿಗೆ ಹೋಗುವುದಿಲ್ಲ. ನಿನ್ನೆ ಆರಾಧನೆಯಲ್ಲಿ ಇಡಲು ಅವರ ಫೋಟೋ ಒಂದೂ ಇರಲಿಲ್ಲ, ಅದನ್ನೇ ತೊಳೆದು, ಹೂವಿಟ್ಟು ಕೂರಿಸಿದ್ದೆ. ಹಗ್ಗ ಸುಡುವುದಿಲ್ಲ. ಕರೂರಿನ ಮೂಲೆ ನನಗೆ ಬೇಡ. ನನ್ನ ಗಂಡ ಲಾಳದ ಗಾದಿಲಿಂಗಪ್ಪ, ನಾನು ಲಾಳದ ಶಿವಬಸಮ್ಮ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಸುಳ್ಳು ಹೇಳಿ ನಿನ್ನ ಬಾಣಂತನ ಮಾಡಿದರೆ ಆ ಕೂಸಿಗೆ ನಾನು ಯಾವ ಅಜ್ಜನ ಹೆಸರು ಹೇಳಿ ಜೋಗುಳ ಹಾಡಲಿ? ನನಗೆ ನೀನು ಬೇಕು. ನಿನ್ನ ತಲೆಗೆ ಎಣ್ಣೆ ಒತ್ತಬೇಕು, ಕೂಸಿಗೆ ಎರೆಯಬೇಕು ಎಂದು ಕೈ ತುರಿಸುತ್ತಿದೆ. ಕಟ್ಟಿಗೆ ಕೂಡಿಟ್ಟಿದ್ದೇನೆ, ಹಳೆಯ ಸೀರೆ ಒಗೆದು ಮಡಿಚಿಟ್ಟಿದ್ದೇನೆ. ಆದರೆ ನಿಮ್ಮಪ್ಪನನ್ನು ಬಾವಿಗೆ ತಳ್ಳಿ ನಿನ್ನನ್ನು ಕರೆದುಕೊಳ್ಳುವುದಿಲ್ಲ. ಅವರ ಮಗಳಾಗಿ ಬರುವುದಾದರೆ ಬಾ. ಬೀಗರೇ, ಗಂಟಲು ಕಟ್ಟಿತೇನು? ಇನ್ನು ಸ್ವಲ್ಪವೇ ಉಳಿದಿದೆ.

ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳು. ಅತ್ತೆಯವರಿಗೆ ಶರಣು ತಿಳಿಸು, ಅವರ ಮೊಣಕಾಲು ನೋವಿಗೆ ಎಕ್ಕದೆಲೆ ಬಿಸಿ ಮಾಡಿ ಕಟ್ಟು. ಯಂಕಮ್ಮ ನಿನ್ನನ್ನು ಕೇಳಿದಳು. ಆ ಬಸವಣ್ಣ ನಿನ್ನನ್ನೂ ನಿನ್ನ ಹೊಟ್ಟೆಯಲ್ಲಿರುವುದನ್ನೂ ನೆಟ್ಟಗೆ ನಡೆಸಲಿ, ಎಲ್ಲೂ ಕುಂಟದ ಹಾಗೆ.

ನಿನ್ನ ಅವ್ವ,
ಲಾಳದ ಶಿವಬಸಮ್ಮ

ತಾ.ಕ.: ಕವರು ಅಂಟಿಸುವ ಹೊತ್ತಿಗೆ ಉಜ್ಜಿನಪ್ಪ ಬಂದ. ಬೇರೆ ಜೋಡಿ ಕಟ್ಟಿಕೊಂಡು ಬಂದಿದ್ದಾನೆ. ಆ ಸೋಮವಾರ ಕಟ್ಟದೆ ಉಳಿದ ಮೈಲನ ಲಾಳ ದಾರಿಯಲ್ಲಿ ಬಿದ್ದು, ಗೊರಸು ಸೀಳಿ, ಎತ್ತು ಕೊಟ್ಟಿಗೆಯಲ್ಲಿ ಮೂರು ಕಾಲ ಮೇಲೆ ನಿಂತಿದೆಯಂತೆ. ಇಲ್ಲಿಗೆ ಕಳಿಸಲು ಬೀಗರಿಗೆ ಮಾನ ಅಡ್ಡ, ಬಳ್ಳಾರಿಯವರೆಗೆ ನಡೆಯಲು ಅದಕ್ಕೆ ಕಾಲಿಲ್ಲ. ದೊಡ್ಡವರ ಸಿಟ್ಟಿಗೆ ಆ ಮೂಕಜೀವ ಏನು ಮಾಡಿತ್ತು? ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಟ್ಟ ಮನೆ ನಮ್ಮದಲ್ಲ. ಬರುವ ಸೋಮವಾರ ಮೊದಲ ಬಸ್ಸಿಗೆ ಸುತ್ತಿಗೆ, ಹಗ್ಗ ತೆಗೆದುಕೊಂಡು ಕುರುಗೋಡಿಗೆ ಬರುತ್ತೇನೆ. ನಿಮ್ಮ ಮನೆಯ ಒಳಗೆ ಕಾಲಿಡುವುದಿಲ್ಲ. ಬಾಗಿಲ ಮುಂದೆ, ಬೀದಿಯಲ್ಲಿ, ಎಲ್ಲರೂ ನೋಡುವ ಹಾಗೆ ಕೂತು ಲಾಳ ಕಟ್ಟುತ್ತೇನೆ. ಕೊಂಬು ಉಜ್ಜಿನಪ್ಪ ಹಿಡಿಯುತ್ತಾನೆ, ಬಸುರಿ ನೀನು ಎತ್ತಿನ ಹತ್ತಿರ ಬರಬೇಡ. ಕಟ್ಟೆಯ ಮೇಲೆ ಕೂತುಕೋ ಸಾಕು. ಮೈಲನಿಗೆ ನಿನ್ನ ದನಿ ಗೊತ್ತು, ಮಾತು ನಿಲ್ಲಬಾರದು. ಬೀದಿಯ ಮಂದಿ ಈಕೆ ಯಾರು, ನಿನಗೇನಾಗಬೇಕು ಎಂದು ಕೇಳಿಯೇ ಕೇಳುತ್ತಾರೆ. ನನ್ನ ಬಾಯಲ್ಲಿ ಮೊಳೆ ಇರುತ್ತವೆ. ಜವಾಬು ನೀನೇ ಕೊಡಬೇಕು.